ಇಂಜೆಕ್ಟರ್ ಹೋಗೈತಿ ಅಂದ್ರ, ಎಷ್ಟನೇದು ಅಂತ ಕೇಳ್ರಿ

ಹಿಂದಿನ ವಾರ ಹಳೆ ಕಾರಿನ ಬ್ಯಾಟರಿ ಬಗ್ಗೆ ಬರೆದದ್ದೇ ತಡ, ಬಂದ ಪ್ರಶ್ನೆಗಳಲ್ಲಿ ಬಹಳಷ್ಟು ಬ್ಯಾಟರಿಗೆ ಸಂಬಂಧಪಟ್ಟವೇ ಅಲ್ಲ. ಎಲ್ಲದರ ಸಾರ ಒಂದೇ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಕಾರು ಊರಲ್ಲಿ ಅಪ್ಪನ ಹತ್ತಿರ ಇದೆ. ಬೆಳಿಗ್ಗೆ ಸ್ಟಾರ್ಟ್ ಆಗೋಕೆ ತಕರಾರು, ರೈಲ್ವೆ ಗೇಟಿನ ಮುಂದೆ ನಿಂತರೆ ಗಡಗಡ ನಡುಗುತ್ತೆ, ಮೈಲೇಜ್ ಬಿದ್ದುಹೋಗಿದೆ. ಮಿಸ್ತ್ರಿ ನೋಡಿ "ಇಂಜೆಕ್ಟರ್ ಹೋಗ್ಯಾವ್ರಿ, ಎಲ್ಲಾ ಬದಲಿ ಮಾಡಬೇಕು" ಅಂದಿದ್ದಾರೆ. ಅಪ್ಪ ಫೋನ್ ಮಾಡಿ "ಏನ್ ಮಾಡೂಣಪಾ?" ಅಂತ ಕೇಳ್ತಿದ್ದಾರೆ. ಏನು ಹೇಳಲಿ?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯವರಿಗೆ ಈ ಪ್ರಶ್ನೆ ಚಿಕ್ಕದಲ್ಲ. ಬೆಂಗಳೂರಿನಲ್ಲಿ ಕಾರು ಕೆಟ್ಟರೆ ಆ್ಯಪ್ ತೆರೆದು ಇನ್ನೊಂದು ಗಾಡಿ ಕರೆಸಬಹುದು. ಊರಲ್ಲಿ ಅಮ್ಮನ ಚೆಕಪ್‌ಗೆ ರಾಣೆಬೆನ್ನೂರಿನಿಂದ ದಾವಣಗೆರೆಗೋ, ಹಾವೇರಿಯಿಂದ ಹುಬ್ಬಳ್ಳಿಗೋ ಹೋಗಬೇಕಾದಾಗ ಮನೆ ಮುಂದೆ ನಿಂತಿರುವ ಆ ಕೆಎ 27 ನಂಬರಿನ ಹಳೆ ಗಾಡಿಯೇ ಗತಿ. ಅದೂ ಹೋಗಬೇಕಾದದ್ದು 48ನೇ ಹೆದ್ದಾರಿಯಲ್ಲಿ, ಸಾಲು ಸಾಲು ಲಾರಿಗಳ ನಡುವೆ. ಓವರ್‌ಟೇಕ್ ಮಾಡುವ ಹೊತ್ತಿಗೆ ಎಂಜಿನ್ ಒಮ್ಮೆ ಮುಗ್ಗರಿಸಿದರೆ ಏನಾಗಬಹುದು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ "ಇನ್ನೊಂದಿಷ್ಟು ದಿನ ಓಡಿಸ್ರಿ" ಅನ್ನುವುದೂ ಉತ್ತರವಲ್ಲ, "ಸರಿ, ಎಲ್ಲಾ ಬದಲಿಸಿಬಿಡ್ರಿ" ಅಂತ ಫೋನ್‌ಪೇ ಮಾಡುವುದೂ ಉತ್ತರವಲ್ಲ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಎಷ್ಟನೇ ಇಂಜೆಕ್ಟರ್ ಹೋಗಿದೆ, ಅದು ನಿಮಗೆ ಹೇಗೆ ಗೊತ್ತಾಯಿತು?

ಮೊದಲು ಲೆಕ್ಕ ಗೊತ್ತಿರಲಿ. ಪೆಟ್ರೋಲ್ ಕಾರಿನಲ್ಲಿ ಒಂದು ಸಿಲಿಂಡರಿಗೆ ಒಂದು ಇಂಜೆಕ್ಟರ್. ಮಾರುತಿ 800, ಆಲ್ಟೊ 800 ಸಿಸಿ, ಇವೆರಡಕ್ಕೂ ಮೂರೇ ಸಿಲಿಂಡರ್. ಹಳೆಯ ವ್ಯಾಗನ್ ಆರ್, ಸ್ಯಾಂಟ್ರೊ ನಾಲ್ಕರವು. 2010ರ ನಂತರ ಬಂದ ಹೊಸ ವ್ಯಾಗನ್ ಆರ್ ಮತ್ತೆ ಮೂರರದ್ದು. ನ್ಯಾನೊಗಂತೂ ಎರಡೇ. ಆಲ್ಟೊಗೆ "ನಾಲ್ಕೂ ಬದಲಿ ಮಾಡಬೇಕು" ಅಂತ ಯಾರಾದರೂ ಎಸ್ಟಿಮೇಟ್ ಕೊಟ್ಟರೆ ಅವರು ಬಾನೆಟ್ ತೆರೆದೇ ಇಲ್ಲ ಅಂತ ತಿಳಿಯಿರಿ. 1983ರ ಡಿಸೆಂಬರ್‌ನಲ್ಲಿ ಬಂದ ಮೊದಲ ಮಾರುತಿ 800ಕ್ಕೆ ಇಂಜೆಕ್ಟರೇ ಇರಲಿಲ್ಲ, ಕಾರ್ಬುರೇಟರ್ ಇತ್ತು. ಹೊಗೆಯ ನಿಯಮ ಬಿಗಿಯಾದ ಮೇಲೆ, 2000ನೇ ಇಸವಿಯ ಆಸುಪಾಸಿನಲ್ಲಿ, ನಮ್ಮ ಸಣ್ಣ ಕಾರುಗಳೆಲ್ಲ ಎಂಪಿಎಫ್‌ಐ ಆದವು. ಹಿಂದಿನ ಗಾಜಿನ ಮೇಲೆ ಹೆಮ್ಮೆಯಿಂದ 'ಎಂಪಿಎಫ್‌ಐ' ಅಂತ ಸ್ಟಿಕ್ಕರ್ ಇರುತ್ತಿತ್ತಲ್ಲ, ಅದೇ.

ಈ ಇಂಜೆಕ್ಟರ್ ಅನ್ನುವುದು ಹೆಬ್ಬೆರಳಿನಷ್ಟು ದಪ್ಪದ ಒಂದು ನಲ್ಲಿ, ಅಷ್ಟೇ. ಟ್ಯಾಂಕಿನೊಳಗಿನ ಪಂಪು ಪೆಟ್ರೋಲನ್ನು ಸುಮಾರು 3 ಬಾರ್ ಒತ್ತಡದಲ್ಲಿ ತಂದು ಇದರ ನೆತ್ತಿಯ ಮೇಲೆ ನಿಲ್ಲಿಸಿರುತ್ತದೆ. ಕಾರಿನ ಟೈರಿಗೆ ತುಂಬುವ ಗಾಳಿಯ ಒಂದೂವರೆ ಪಟ್ಟು ಅನ್ನಿ. ಎಂಜಿನ್ನಿನ ಕಂಪ್ಯೂಟರ್ ಕರೆಂಟ್ ಕೊಟ್ಟಾಗ ಒಳಗಿನ ಸೂಜಿ ಕೂದಲೆಳೆಯಷ್ಟು ಮೇಲೇಳುತ್ತದೆ, ಮಂಜಿನ ಹಾಗೆ ಪೆಟ್ರೋಲ್ ಚಿಮ್ಮುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ತೆರೆದಿರುವುದು ಸೆಕೆಂಡಿನ ಸಾವಿರದ ಒಂದಷ್ಟು ಭಾಗ ಮಾತ್ರ. ಗಾಡಿ ನಿಂತಲ್ಲೇ 800 ಆರ್‌ಪಿಎಂನಲ್ಲಿ ಗುಂಯ್ ಅನ್ನುತ್ತಿದ್ದರೂ ಪ್ರತಿ ಇಂಜೆಕ್ಟರ್ ನಿಮಿಷಕ್ಕೆ 400 ಸಲ ತೆರೆದು ಮುಚ್ಚುತ್ತದೆ. ಹೆದ್ದಾರಿಯಲ್ಲಿ 3,000 ಆರ್‌ಪಿಎಂ ಇದ್ದರೆ 1,500 ಸಲ. ಹೀಗೆ ವರ್ಷಗಟ್ಟಲೆ ದುಡಿದೂ ಕೆಡದೇ ಇರುವುದೇ ಆಶ್ಚರ್ಯ. ನಿಜ ಹೇಳಬೇಕೆಂದರೆ ಇದು ಅಷ್ಟು ಬೇಗ ಕೆಡುವ ಸಾಮಾನೇ ಅಲ್ಲ.

ಹಾಗಾದರೆ ಕೆಡುವುದು ಯಾವಾಗ? ಓಡುವಾಗ ಕಡಿಮೆ, ನಿಂತಾಗ ಹೆಚ್ಚು. ಎಂಜಿನ್ ಆಫ್ ಮಾಡಿದ ಮೇಲೆ ಬಾನೆಟ್ ಒಳಗಿನ ಕಾವು ಅರ್ಧ ಗಂಟೆ ಇಳಿಯುವುದಿಲ್ಲ, ಮೊದಮೊದಲು ಏರುತ್ತದೆ ಕೂಡ. ತಣ್ಣಗಿನ ಪೆಟ್ರೋಲ್ ಹರಿವು ನಿಂತಿರುತ್ತದೆ. ಇಂಜೆಕ್ಟರಿನ ತುದಿಯಲ್ಲಿ ಉಳಿದ ಒಂದೆರಡು ಹನಿ ಆವಿಯಾಗಿ, ಆವಿಯಾಗದ ಭಾಗ ಅಂಟಿನ ಹಾಗೆ ಕೂರುತ್ತದೆ. ಹಾಲು ಕಾಸಿದ ಪಾತ್ರೆಯ ತಳ ಹಿಡಿದ ಹಾಗೆ, ಪದರದ ಮೇಲೆ ಪದರ. ಅಮೆರಿಕದಲ್ಲಿ 1980ರ ದಶಕದಲ್ಲಿ ಇಂಜೆಕ್ಷನ್ ಕಾರುಗಳು ಹೆಚ್ಚಾದಾಗ ಇದೇ ಕಾಟ ದೊಡ್ಡದಾಗಿ, ಕಡೆಗೆ 1995ರಿಂದ ಅಲ್ಲಿನ ಎಲ್ಲ ಪೆಟ್ರೋಲಿಗೂ ಕೊಳೆ ತೊಳೆಯುವ ರಾಸಾಯನಿಕ ಬೆರೆಸುವುದನ್ನು ಕಡ್ಡಾಯ ಮಾಡಿದರು.

ಈಗ ನಮ್ಮ ಕಡೆಯ ಕಾರಿನ ದಿನಚರಿ ನೋಡಿ. ಮೆಣಸಿನಕಾಯಿ ಸೀಸನ್ನಿನಲ್ಲಿ ಬ್ಯಾಡಗಿ ಮಾರುಕಟ್ಟೆಯ ದಿನ ಮನೆಯಿಂದ ಎಪಿಎಂಸಿಗೆ ಎರಡು ಕಿಲೋಮೀಟರ್. ಬಿಸಿಲಲ್ಲಿ ಮೂರು ತಾಸು ನಿಲುಗಡೆ. ಅಲ್ಲಿಂದ ಬ್ಯಾಂಕಿಗೆ ಅರ್ಧ ಕಿಲೋಮೀಟರ್, ಮತ್ತೆ ನಿಲುಗಡೆ. ಊಟಕ್ಕೆ ಮನೆಗೆ. ಮತ್ತೆ ಎಪಿಎಂಸಿ. ಉಳಿದ ದಿನ ಗಾಡಿ ಮನೆ ಮುಂದೆ ಕವರ್ ಹೊದ್ದು ಮಲಗಿರುತ್ತದೆ. "ನಮ್ಮ ಗಾಡಿ ಭಾಳ ಓಡಿಲ್ಲರಿ, ಹದಿನೈದು ವರ್ಷಕ್ಕ ನಲವತ್ತೈದು ಸಾವಿರ ಅಷ್ಟ" ಅಂತ ಹಿರಿಯರು ಅಭಿಮಾನದಿಂದ ಹೇಳುತ್ತಾರೆ. ಇಂಜೆಕ್ಟರಿಗೆ ಅದೇ ಕಷ್ಟ. ದಿನಾ ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗಿಬರುವ ಮೇಷ್ಟ್ರ ಕಾರು ಎರಡು ಲಕ್ಷ ಕಿಲೋಮೀಟರ್ ಓಡಿದ್ದರೂ ಅದರ ಇಂಜೆಕ್ಟರ್ ಇದಕ್ಕಿಂತ ಚೊಕ್ಕಟವಾಗಿರಬಹುದು.

ಇನ್ನು ಎಲ್ಲರೂ ಕೇಳುವ ಇ20 ವಿಷಯ. ಶೇ. 20 ಎಥನಾಲ್ ಬೆರೆಸಿದ ಈ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಈಗ ಹೆದ್ದಾರಿಯ ಬಂಕಿನಿಂದ ಹಳ್ಳಿಯ ಬಂಕಿನವರೆಗೆ ಅದೇ ಸಿಗುತ್ತಿದೆ. ಎಥನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯಲೇಬೇಕು. ನೀತಿ ಆಯೋಗದ 2021ರ ವರದಿಯೇ ಹಳೆಯ ಮಾದರಿಯ ಕಾರುಗಳಲ್ಲಿ ಶೇ. 6ರಿಂದ 7ರಷ್ಟು ಇಳಿಕೆ ಅಂದಾಜು ಮಾಡಿತ್ತು. ಅಂದರೆ ಲೀಟರಿಗೆ 18 ಕೊಡುತ್ತಿದ್ದ ಗಾಡಿ 17ರ ಹತ್ತಿರ ಬಂದರೆ ಅದು ಇಂಧನದ ಲೆಕ್ಕ, ಮಿಸ್ತ್ರಿ ಹತ್ತಿರ ಹೋಗಬೇಡಿ. 13ಕ್ಕೆ ಇಳಿದಿದ್ದರೆ ಅದನ್ನು ಇ20 ತಲೆಗೆ ಕಟ್ಟಬೇಡಿ, ಗಾಡಿಯಲ್ಲೇ ಏನೋ ಆಗಿದೆ. ಇನ್ನೊಂದು ಸಂಗತಿ, ಎಥನಾಲ್ ಒಳ್ಳೆ ತೊಳೆಯುವ ಗುಣದ್ದು. ಹಳೆ ಟ್ಯಾಂಕಿನ ತಳದಲ್ಲಿ ವರ್ಷಗಳಿಂದ ಕೂತ ಕೊಳೆಯನ್ನು ಎಬ್ಬಿಸಿ ಫಿಲ್ಟರಿಗೆ ತಂದು ತುಂಬುತ್ತದೆ. ಗಾಳಿಯ ತೇವವನ್ನೂ ಹೀರುತ್ತದೆ. ಹಳೆ ಕಾರಿನ ರಬ್ಬರುಗಳು ಇ20ಗೆ ಅಂತ ಮಾಡಿದವೂ ಅಲ್ಲ. ಹಾಗಾಗಿ ಇಂಜೆಕ್ಟರಿನ ಮಾತಿಗೆ ಮುಂಚೆ ಪೆಟ್ರೋಲ್ ಫಿಲ್ಟರ್ ಕಡೆಯ ಬಾರಿ ಯಾವಾಗ ಬದಲಿಸಿದ್ದು ಅಂತ ಅಪ್ಪನನ್ನು ಕೇಳಿ. "ಫಿಲ್ಟರಾ? ಆಯಿಲ್ ಫಿಲ್ಟರ್ ಹಾಕ್ಸೀನಲ್ಲ" ಅಂತ ಉತ್ತರ ಬಂದರೆ ಅರ್ಧ ಸಮಸ್ಯೆ ಅಲ್ಲೇ ಇರಬಹುದು. (ನಮ್ಮ ಜಿಲ್ಲೆಯ ಗೋವಿನಜೋಳದ ಕಥೆ ನೆನಪಾಗುತ್ತದೆ. ದೇಶದಲ್ಲಿ ಎಥನಾಲ್ ಆಗುತ್ತಿರುವ ಬೆಳೆಗಳಲ್ಲಿ ಅದೂ ದೊಡ್ಡದು. ರೇಟು ಸಿಗಲಿಲ್ಲ ಅಂತ ರಸ್ತೆಗಿಳಿದ ರೈತನೇ ಸಂಜೆ ಬಂಕಿನಲ್ಲಿ ಅದನ್ನೇ ಲೀಟರ್ ಲೆಕ್ಕದಲ್ಲಿ ಕೊಂಡು ಹಾಕಿಸಿಕೊಳ್ಳುತ್ತಾನೆ. ಇರಲಿ, ಅದು ಬೇರೆ ಅಂಕಣ.)

ಇಂಜೆಕ್ಟರ್ ಮೇಲೆ ಬರುವ ಆರೋಪಗಳಲ್ಲಿ ಬಹಳಷ್ಟು ಸುಳ್ಳು ಆರೋಪಗಳು. ನಿಂತಾಗ ನಡುಗುವುದಕ್ಕೆ ಥ್ರಾಟಲ್ ಬಾಡಿಯಲ್ಲಿ ಕೂತ ಕಪ್ಪು ಜಿಡ್ಡು ಸಾಕು, ಸೀಳಿದ ಒಂದು ವ್ಯಾಕ್ಯೂಮ್ ಪೈಪ್ ಸಾಕು. ಮಿಸ್ಸಿಂಗ್ ಹೊಡೆಯುವುದಕ್ಕೆ ಸವೆದ ಪ್ಲಗ್, ಬಿರುಕು ಬಿಟ್ಟ ಪ್ಲಗ್ ವೈರ್ ಸಾಕು. ಪಿಕಪ್ ಇಲ್ಲದಿರುವುದಕ್ಕೆ ಕಟ್ಟಿಕೊಂಡ ಫಿಲ್ಟರ್ ಅಥವಾ ಸುಸ್ತಾದ ಪಂಪ್ ಸಾಕು. ಮೆಣಸಿನಕಾಯಿ ದೂಳು, ಸುಗ್ಗಿಯ ದೂಳು ಏರ್ ಫಿಲ್ಟರಿನಲ್ಲಿ ತುಂಬಿ ಪಿಕಪ್ ತಿನ್ನುವುದೂ ಉಂಟು. ಇವೆಲ್ಲ ಇಂಜೆಕ್ಟರಿಗಿಂತ ಅಗ್ಗ. ಅಗ್ಗದ್ದನ್ನು ಮೊದಲು ನೋಡದೆ ದುಬಾರಿಯದ್ದಕ್ಕೆ ಕೈ ಹಾಕುವವರನ್ನು ನಾನಂತೂ ನಂಬುವುದಿಲ್ಲ.

ಬ್ಯಾಡಗಿಯಲ್ಲಿರುವ ನಮ್ಮ ಕಾಕಾನ ಗಾಡಿ ಈ ಮಾತಿಗೆ ಒಳ್ಳೆ ಉದಾಹರಣೆ. 2008ರ ವ್ಯಾಗನ್ ಆರ್, ನಾಲ್ಕು ಸಿಲಿಂಡರಿನದ್ದು. ಬೆಳಿಗ್ಗೆ ಸ್ಟಾರ್ಟರ್ ಉದ್ದಕ್ಕೆ ತಿರುಗಿಸಬೇಕು. ಹೊತ್ತಿಕೊಂಡ ತಕ್ಷಣ ಒಂದು ಬುಸ್ ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಆಮೇಲೆ ನಡುಕ. ಬಿಸಿಯಾದ ಮೇಲೆ ಸುಮಾರಾಗಿ ಓಡುತ್ತಿತ್ತು. ಹತ್ತಿರದ ಹುಡುಗ ನೋಡಿದ. "ಸಾವಕಾರ್ರ, ನಾಲ್ಕೂ ಇಂಜೆಕ್ಟರ್ ಹೋಗ್ಯಾವ್ರಿ." ಕಾಕಾ ಮೂವತ್ತು ವರ್ಷ ಮೆಣಸಿನಕಾಯಿ ಚೀಲಕ್ಕೆ ಕೈ ಹಾಕಿ ಮಾಲು ನೋಡಿದ ಮನುಷ್ಯ. "ನಾಲ್ಕೂ ಒಂದ ದಿನ ಹೆಂಗ ಹೋದವೋ ತಮ್ಮಾ? ಯಾವ್ದು ಕೆಟ್ಟೈತಿ ತೋರ್ಸು, ಆಮ್ಯಾಲೆ ರೇಟು ಮಾತಾಡೂಣು" ಅಂದರು. ಹುಡುಗ ಒಳ್ಳೆಯವನೇ, ಯಾರೂ ಕೇಳಿರಲಿಲ್ಲ ಅಷ್ಟೇ. ಕೇಳಿದ ಮೇಲೆ ಆಸಕ್ತಿಯಿಂದಲೇ ಹುಡುಕಿದ. ನಾನು ಆ ದಿನ ಅಲ್ಲೇ ಇದ್ದೆ.

ಎಂಜಿನ್ ಚಾಲೂ ಇಟ್ಟು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಒಂದೊಂದೇ ಇಂಜೆಕ್ಟರಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡ. ನಾಲ್ಕರಲ್ಲೂ ಟಿಕ್ ಟಿಕ್ ಸದ್ದು ಇತ್ತು. ಅಂದರೆ ನಾಲ್ಕಕ್ಕೂ ಕರೆಂಟ್ ಬರುತ್ತಿದೆ, ಸೂಜಿ ಆಡುತ್ತಿದೆ. ಸದ್ದೇ ಇಲ್ಲದ ಒಂದು ಇದ್ದಿದ್ದರೆ ಮೀಟರಿನಲ್ಲಿ ಅದರ ಓಮ್ಸ್ ನೋಡಬೇಕಿತ್ತು. ಈ ಸಣ್ಣ ಕಾರುಗಳ ಇಂಜೆಕ್ಟರ್ ಸಾಮಾನ್ಯವಾಗಿ 11ರಿಂದ 16 ಓಮ್ಸ್ ನಡುವೆ ತೋರಿಸುತ್ತದೆ. ಸೊನ್ನೆಯೋ, ಅಪಾರವೋ ತೋರಿಸಿದರೆ ಒಳಗಿನ ಕಾಯಿಲ್ ಸುಟ್ಟಿದೆ ಅಂತ. ಅದನ್ನು ತೊಳೆದು ಪ್ರಯೋಜನವಿಲ್ಲ, ಬದಲಿಸಲೇಬೇಕು.

ಮುಂದೆ ಇಂಜೆಕ್ಟರಿನ ಕಪ್ಲರನ್ನು ಒಂದೊಂದಾಗಿ ಬಿಚ್ಚಿ ನೋಡಿದ. ಚೆನ್ನಾಗಿ ದುಡಿಯುತ್ತಿರುವ ಸಿಲಿಂಡರಿನ ಕಪ್ಲರ್ ಬಿಚ್ಚಿದರೆ ಎಂಜಿನ್ ಮುಗ್ಗರಿಸಬೇಕು. ಒಂದು, ಎರಡು, ನಾಲ್ಕು ಬಿಚ್ಚಿದಾಗ ಮುಗ್ಗರಿಸಿತು. ಮೂರನೆಯದು ಬಿಚ್ಚಿದಾಗ ಏನೂ ಆಗಲಿಲ್ಲ. ಅಂದರೆ ಮೂರನೇ ಸಿಲಿಂಡರ್ ಮೊದಲೇ ದುಡಿಯುತ್ತಿಲ್ಲ. ಪ್ಲಗ್ ತೆಗೆದರೆ ಅದೊಂದೇ ಕಾಡಿಗೆ ಬಳಿದಂತೆ ಕಪ್ಪು, ಒದ್ದೆ. ಉಳಿದ ಮೂರೂ ತಿಳಿ ಕಂದು. ಆದರೆ ಇಷ್ಟಕ್ಕೇ ಇಂಜೆಕ್ಟರನ್ನು ದೂರುವ ಹಾಗಿಲ್ಲ, ಕಿಡಿ ಬರದಿದ್ದರೂ ಪ್ಲಗ್ ಹೀಗೇ ಒದ್ದೆಯಾಗುತ್ತದೆ. ಅದಕ್ಕೆ ಮೂರನೆಯ ಪ್ಲಗ್ ಮತ್ತು ವೈರನ್ನು ಸರಿಯಿದ್ದ ಒಂದರ ಜೊತೆ ಅದಲು ಬದಲು ಮಾಡಿದ. ದೋಷ ಮೂರರಲ್ಲೇ ಉಳಿಯಿತು. ಕಡೆಗೆ ಮೂರನೇ ಇಂಜೆಕ್ಟರನ್ನು ಒಂದನೆಯ ಜಾಗಕ್ಕೆ, ಒಂದನೆಯದನ್ನು ಮೂರಕ್ಕೆ ಹಾಕಿದ. ಈಗ ಮಿಸ್ಸಿಂಗ್ ಒಂದನೇ ಸಿಲಿಂಡರಿಗೆ ಬಂತು. ಕಳ್ಳ ಸಿಕ್ಕಿಬಿದ್ದ.

ಈ ಅದಲು ಬದಲಿನ ಪರೀಕ್ಷೆಗೆ ಸ್ಕ್ಯಾನರ್ ಬೇಡ, ದುಬಾರಿ ಯಂತ್ರ ಬೇಡ. ನಿಮ್ಮ ಕಾರು ಸ್ವಲ್ಪ ಹೊಸದಾಗಿದ್ದು ಒಬಿಡಿ ಸಾಕೆಟ್ ಇದ್ದರೆ ಕೆಲಸ ಇನ್ನೂ ಸುಲಭ. ಪಿ0301, ಪಿ0302, ಪಿ0303 ಅಂತ ಬಂದರೆ ಕಡೆಯ ಅಂಕಿಯೇ ಮಿಸ್ಸಿಂಗ್ ಆಗುತ್ತಿರುವ ಸಿಲಿಂಡರಿನ ನಂಬರ್. ಪಿ0201ರಿಂದ ಮೇಲಿನವು ಬಂದರೆ ಆಯಾ ಇಂಜೆಕ್ಟರಿನ ವೈರಿಂಗ್ ಅಥವಾ ಕಾಯಿಲ್ ತಕರಾರು. ಅಪ್ಪನಿಗೆ "ಸ್ಕ್ಯಾನರ್ ತೋರ್ಸಿದ ಕೋಡ್ ಫೋಟೊ ಹೊಡೆದು ಕಳಿಸ್ರಿ" ಅಂದರೆ ಬೆಂಗಳೂರಿನಲ್ಲಿ ಕೂತೇ ನೀವು ಓದಬಹುದು.

ಇನ್ನೊಂದು ಚೀಟಿ ಎಲ್ಲರ ಡ್ಯಾಶ್‌ಬೋರ್ಡಿನಲ್ಲಿ ಇರುತ್ತದೆ, ಯಾರೂ ಓದುವುದಿಲ್ಲ. ಪಿಯುಸಿ ಚೀಟಿ! ಅದರಲ್ಲಿ ಸಿಒ, ಎಚ್‌ಸಿ ಅಂತ ಎರಡು ಅಂಕಿ ಇರುತ್ತವೆ. ಬಿಎಸ್ 2, ಬಿಎಸ್ 3 ಕಾಲದ ಪೆಟ್ರೋಲ್ ಕಾರಿಗೆ ಮಿತಿ ಸಿಒ ಶೇ. 0.5, ಎಚ್‌ಸಿ 750 ಪಿಪಿಎಂ. ಬಿಎಸ್ 4 ಕಾರಿಗೆ ಶೇ. 0.3 ಮತ್ತು 200. ಪಾಸ್ ಆಯಿತೋ ಇಲ್ಲವೋ ಅಂತ ಮಾತ್ರ ನೋಡಬೇಡಿ. ಹಳೆಯ ಎರಡು ಮೂರು ಚೀಟಿ ಪಕ್ಕಪಕ್ಕ ಇಟ್ಟುಕೊಳ್ಳಿ. ಸಿಒ ಏರುತ್ತಿದ್ದರೆ ಪೆಟ್ರೋಲ್ ಬೇಕಾದ್ದಕ್ಕಿಂತ ಹೆಚ್ಚು ಬೀಳುತ್ತಿದೆ. ಎಚ್‌ಸಿ ಮಾತ್ರ ಏರಿದ್ದರೆ ಪೆಟ್ರೋಲ್ ಉರಿಯದೇ ಹೊರಗೆ ಹೋಗುತ್ತಿದೆ, ಅಂದರೆ ಮಿಸ್ಸಿಂಗ್, ಪ್ಲಗ್ಗಿನ ಕಡೆಯೂ ನೋಡಬೇಕು. ಕಾಕಾನ ಚೀಟಿಯಲ್ಲಿ ಎರಡೂ ಮಿತಿಯೊಳಗೇ ಇದ್ದವು, ಆದರೆ ಹಿಂದಿನ ಚೀಟಿಗಿಂತ ಎರಡೂ ಮೇಲೆ ಹೋಗಿದ್ದವು. ಆರು ತಿಂಗಳು ಮೊದಲೇ ಗಾಡಿ ಹೇಳುತ್ತಿತ್ತು. (ಸೈಲೆನ್ಸರಿಗೆ ನಳಿಕೆಯನ್ನೇ ಹಾಕದೆ ಚೀಟಿ ಹರಿದು ಕೊಡುವವರ ಹತ್ತಿರ ಮಾಡಿಸಿದ್ದರೆ ಈ ಪ್ಯಾರಾ ಮರೆತುಬಿಡಿ.)

ಕಳ್ಳ ಸಿಕ್ಕ ಮೇಲೂ ನೇರ ಬದಲಿಸಲು ಹೊರಡಬೇಡಿ. ಎಲ್ಲ ಇಂಜೆಕ್ಟರುಗಳನ್ನು ಬಿಚ್ಚಿಸಿ ಟೆಸ್ಟ್ ಬೆಂಚಿಗೆ ಹಾಕಿಸಿ. ಹುಬ್ಬಳ್ಳಿ, ದಾವಣಗೆರೆಯಂಥ ಊರುಗಳಲ್ಲಿ ಈ ಕೆಲಸ ಮಾಡುವವರಿದ್ದಾರೆ. ಬೆಂಚಿನಲ್ಲಿ ಗಾಜಿನ ನಳಿಕೆಗಳ ಸಾಲಿನ ಮೇಲೆ ಇಂಜೆಕ್ಟರುಗಳನ್ನು ಕೂರಿಸಿ, ಎಂಜಿನ್ನಿನಲ್ಲಿ ಇರುವಷ್ಟೇ ಒತ್ತಡ ಕೊಟ್ಟು, ಒಂದೇ ಲೆಕ್ಕದಲ್ಲಿ ತೆರೆದು ಮುಚ್ಚಿಸುತ್ತಾರೆ. ಯಾವುದು ಎಷ್ಟು ಸುರಿಸಿತು, ಮಂಜಿನಂತೆ ಹರಡುತ್ತಿದೆಯೋ ದಾರದಂತೆ ಬೀಳುತ್ತಿದೆಯೋ, ಎಲ್ಲ ಕಣ್ಣಿಗೇ ಕಾಣುತ್ತದೆ. ಆಮೇಲೆ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆದು ಇನ್ನೊಮ್ಮೆ ಅಳೆಯುತ್ತಾರೆ. ಕಾಕಾನ ನಾಲ್ಕರಲ್ಲಿ ಮೂರು ತೊಳೆದ ಮೇಲೆ ಹೆಚ್ಚುಕಡಿಮೆ ಸಮಕ್ಕೆ ಬಂದವು. ಮೂರನೆಯದು ಮಾತ್ರ ಮುಚ್ಚಿದ್ದಾಗಲೂ ತುದಿಯಲ್ಲಿ ಹನಿ ಕಟ್ಟಿ ತೊಟ ತೊಟ ಬೀಳುತ್ತಿತ್ತು. ಒತ್ತಡ ಕೊಟ್ಟು ಮುಚ್ಚಿಟ್ಟಾಗ ನಿಮಿಷಕ್ಕೆ ಒಂದು ಹನಿಗಿಂತ ಹೆಚ್ಚು ಬಿದ್ದರೆ ಅದು ತೊಳೆದು ಸರಿಹೋಗುವ ರೋಗವಲ್ಲ, ಸೂಜಿ ಕೂರುವ ಜಾಗವೇ ಸವೆದಿದೆ. ರಾತ್ರಿಯೆಲ್ಲ ಹೀಗೆ ಸೋರಿದ ಪೆಟ್ರೋಲೇ ಬೆಳಗಿನ ಕಪ್ಪು ಹೊಗೆ. ಒಂದು ಬದಲಾಯಿತು, ಮೂರು ಉಳಿದವು.

ಸೋರುವ ಇಂಜೆಕ್ಟರನ್ನು ಹಾಗೇ ಬಿಟ್ಟು ಓಡಿಸಿದರೆ ನಷ್ಟ ಮೈಲೇಜಿನದ್ದು ಮಾತ್ರವಲ್ಲ. ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲ್ ತೊಳೆದುಕೊಂಡು ಕೆಳಗಿಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ, ಪೆಟ್ರೋಲ್ ವಾಸನೆ ಬಂದರೆ ಆಯಿಲನ್ನೂ ಬದಲಿಸಬೇಕು. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನು ಸುಡುತ್ತದೆ. ಅದರ ಬೆಲೆ ಕೇಳಿದರೆ ಇಂಜೆಕ್ಟರ್ ಪುಗಸಟ್ಟೆ ಅನಿಸುತ್ತದೆ.

ಹೊಸದು ಕೊಳ್ಳುವಾಗ ಹಳೆಯದರ ಮೈಮೇಲಿನ ನಂಬರ್ ಫೋಟೊ ತೆಗೆದಿಟ್ಟುಕೊಳ್ಳಿ, ಅದೇ ನಂಬರ್ ಬೇಕು. ನೋಡಲು ಒಂದೇ ಥರ ಇದ್ದರೂ ಒಂದೊಂದು ಎಂಜಿನ್ನಿಗೆ ಸುರಿಸುವ ಪ್ರಮಾಣ ಬೇರೆ. ಆಲ್ಟೊದ್ದು ವ್ಯಾಗನ್ ಆರ್‌ಗೆ "ಕೂಡ್ತೈತ್ರಿ" ಅಂದರೆ ಕೂರುವುದೇನೋ ಕೂರಬಹುದು, ಎಂಜಿನ್ ಒಪ್ಪುವುದಿಲ್ಲ. ಗುಜರಿಯಿಂದ ತಂದ ಹಳೆಯದು ಹಾಕುವುದು ಪಾಪವೇನಲ್ಲ, ಆದರೆ ಬೆಂಚಿನಲ್ಲಿ ಪಾಸಾದ ಮೇಲೆ ದುಡ್ಡು ಕೊಡಿ.

ಈಗ ಬಹಳ ಮುಖ್ಯವಾದ ಮಾತು. ಇಲ್ಲಿ ತಪ್ಪಿದರೆ ಹೋಗುವುದು ದುಡ್ಡಲ್ಲ, ಗಾಡಿಗೆ ಬೆಂಕಿ ಬೀಳುತ್ತದೆ. ಇಂಜೆಕ್ಟರಿನ ಮೇಲೆ ಒಂದು, ಕೆಳಗೆ ಒಂದು ರಬ್ಬರಿನ ಓ-ರಿಂಗ್ ಇರುತ್ತದೆ. ಒಮ್ಮೆ ಬಿಚ್ಚಿದರೆ ಆ ರಬ್ಬರುಗಳನ್ನು ಬದಲಿಸಲೇಬೇಕು. ಕಾಫಿ ಕುಡಿಯುವಷ್ಟು ದುಡ್ಡಿನ ಸಾಮಾನು, "ಇದ ನಡಿತೈತ್ರಿ" ಅಂತ ಹಳೆಯದನ್ನೇ ಹಾಕುತ್ತಾರೆ. ಹದಿನೈದು ವರ್ಷ ಕಾವಿನಲ್ಲಿ ಬೆಂದ ರಬ್ಬರು ಕಲ್ಲಾಗಿರುತ್ತದೆ, ಜಾಗ ಕದಲಿಸಿದರೆ ಮತ್ತೆ ಕಚ್ಚಿ ಕೂರುವುದಿಲ್ಲ. ಮೇಲಿನ ರಿಂಗ್ ಸೋರಿದರೆ 3 ಬಾರ್ ಒತ್ತಡದ ಪೆಟ್ರೋಲ್ ನೇರ ಬಿಸಿ ಎಂಜಿನ್ ಮೇಲೆ ಚಿಮ್ಮುತ್ತದೆ. ಹೊಸ ರಿಂಗಿಗೆ ಎರಡು ಹನಿ ಶುದ್ಧ ಎಂಜಿನ್ ಆಯಿಲ್ ಸವರಿ ಕೂರಿಸಬೇಕು, ಒಣಗಿದ್ದನ್ನು ಒತ್ತಿದರೆ ಅಂಚು ಹರಿಯುತ್ತದೆ.

ಬಿಚ್ಚುವ ಮೊದಲು ಪೈಪಿನ ಒತ್ತಡ ಇಳಿಸಬೇಕು. ಎಂಜಿನ್ ಚಾಲೂ ಇಟ್ಟು ಪಂಪಿನ ರಿಲೇ ಅಥವಾ ಫ್ಯೂಸ್ ಕಿತ್ತರೆ ಉಳಿದ ಪೆಟ್ರೋಲ್ ಕುಡಿದು ತಾನೇ ಆಫ್ ಆಗುತ್ತದೆ. ಆಮೇಲೆ ಬ್ಯಾಟರಿಯ ಮೈನಸ್ ಬಿಚ್ಚಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೈ ಹಾಕಬೇಕು. ಪಕ್ಕದಲ್ಲಿ ವೆಲ್ಡಿಂಗ್ ನಡೆಯುವ ಶೆಡ್ಡಿನಲ್ಲಿ, ಬೀಡಿ ಹಚ್ಚಿದವರು ನಿಂತಿರುವಲ್ಲಿ ಈ ಕೆಲಸ ಬೇಡವೇ ಬೇಡ. ಇಂಜೆಕ್ಟರ್ ಸುತ್ತಲಿನ ದೂಳನ್ನು ಮೊದಲು ಗಾಳಿಯಿಂದ ಊದಬೇಕು, ಇಲ್ಲದಿದ್ದರೆ ಕಿತ್ತ ತೂತಿನಿಂದ ಮಣ್ಣು ನೇರ ಎಂಜಿನ್ನಿಗೆ. ಜೋಡಿಸಿದ ಮೇಲೆ ತಕ್ಷಣ ಸ್ಟಾರ್ಟ್ ಮಾಡಬಾರದು. ಕೀಲಿಯನ್ನು ಆನ್ ತನಕ ಮಾತ್ರ ಎರಡು ಮೂರು ಸಲ ತಿರುಗಿಸಿದರೆ ಪಂಪು ಒತ್ತಡ ತುಂಬುತ್ತದೆ. ಆಗ ಟಾರ್ಚ್ ಹಿಡಿದು ಪ್ರತಿ ರಿಂಗಿನ ಸುತ್ತ ಒದ್ದೆ ಇದೆಯಾ ನೋಡಿ, ಮೂಗಿಗೂ ಕೆಲಸ ಕೊಡಿ. ಒಣಗಿದ್ದರೆ ಮಾತ್ರ ಸ್ಟಾರ್ಟ್. ಅಪ್ಪನಿಗೆ ಉಳಿದದ್ದೆಲ್ಲ ಮರೆತರೂ ಇದೊಂದನ್ನು ಎರಡು ಸಲ ಹೇಳಿ.

ಬಾಟಲಿ ಔಷಧಿ ಬಗ್ಗೆ ಕೇಳಿದವರಿಗೆ: ಟ್ಯಾಂಕಿಗೆ ಸುರಿಯುವ ಕ್ಲೀನರ್ ಸಣ್ಣ ಕೊಳೆಗೆ ಸ್ವಲ್ಪ ಕೆಲಸ ಮಾಡುತ್ತದೆ, ಆದರೆ ಸುಟ್ಟ ಕಾಯಿಲನ್ನೂ ಸವೆದ ಸೂಜಿಯನ್ನೂ ಯಾವ ಬಾಟಲಿಯೂ ಸರಿ ಮಾಡಲಾರದು. ಹಾಕುವುದಾದರೆ ಹಾಕಿ ಒಂದು ಉದ್ದದ ಪ್ರಯಾಣ ಮಾಡಿ. ಸುಮ್ಮನೆ ಹಾಕಿ ಗಾಡಿ ನಿಲ್ಲಿಸಿದರೆ ದಂಡ. ಇಂಜೆಕ್ಟರನ್ನು ಥಿನ್ನರಿನಲ್ಲಿ ರಾತ್ರಿಯಿಡೀ ನೆನೆಹಾಕುವ ನಾಟಿ ವೈದ್ಯ ಕೆಲವು ಕಡೆ ಇದೆ, ಒಳಗಿನ ರಬ್ಬರು, ಪ್ಲಾಸ್ಟಿಕ್ ಎರಡೂ ಹಾಳು. ನನ್ನನ್ನು ಕೇಳಿದರೆ ಬಾಟಲಿಗಿಂತ ವಾರಕ್ಕೊಮ್ಮೆ ಹಾವೇರಿಯಿಂದ ರಾಣೆಬೆನ್ನೂರಿಗೆ ನಿಲ್ಲದೆ ಒಂದು ಓಟ ವಾಸಿ. ಎಲ್‌ಪಿಜಿ ಕಿಟ್ ಹಾಕಿಸಿದವರಿಗೂ ಒಂದು ಮಾತು. ಗ್ಯಾಸಿನಲ್ಲಿ ಓಡುವಾಗ ಪೆಟ್ರೋಲ್ ಇಂಜೆಕ್ಟರ್ ಕೆಲಸವಿಲ್ಲದೆ ಕಾವಿನಲ್ಲಿ ಕೂತಿರುತ್ತದೆ. ದಿನಾ ಒಂದಷ್ಟು ದೂರ ಪೆಟ್ರೋಲಿನಲ್ಲೇ ಓಡಿಸಿ, ಟ್ಯಾಂಕಿನಲ್ಲಿ ವರ್ಷದ ಹಳೆ ಪೆಟ್ರೋಲ್ ಉಳಿಸಬೇಡಿ. ಡೀಸೆಲ್ ಕಾರಿನವರು ಮಾತ್ರ ಇದರಲ್ಲಿ ಯಾವುದನ್ನೂ ಮಾಡಬೇಡಿ. ಅಲ್ಲಿನ ಒತ್ತಡ ಸಾವಿರಕ್ಕೂ ಹೆಚ್ಚು ಬಾರ್, ಆ ಚಿಮ್ಮಿಗೆ ಬೆರಳು ಕೊಟ್ಟರೆ ಚರ್ಮ ಸೀಳಿ ಡೀಸೆಲ್ ಮೈಯೊಳಗೆ ಹೋಗುತ್ತದೆ.

ಇಷ್ಟೆಲ್ಲ ಖರ್ಚು ಈ ಹಳೆ ಗಾಡಿಗೆ ಬೇಕಾ ಅಂತ ಕೆಲವರು ಕೇಳಿದ್ದೀರಿ. ಇಂಜೆಕ್ಟರಿನ ಬಿಲ್ ಒಂದನ್ನೇ ನೋಡಿ ತೀರ್ಮಾನ ಬೇಡ, ಆರ್‌ಸಿಯ ಮೇಲಿನ ತಾರೀಖನ್ನೂ ನೋಡಿ. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ ಶುಲ್ಕ 5,000 ರೂಪಾಯಿ. ಇಪ್ಪತ್ತು ವರ್ಷ ದಾಟಿದವಕ್ಕೆ 2025ರ ಆಗಸ್ಟ್‌ನಲ್ಲಿ ಅದನ್ನು 10,000 ಮಾಡಿದ್ದಾರೆ. ಫಿಟ್‌ನೆಸ್‌ಗೆ ಹೋದಾಗ ಹೊಗೆಯೂ ಸರಿಯಿರಬೇಕು. ಬಾಡಿ ತುಕ್ಕು ಹಿಡಿದು, ನವೀಕರಣವೂ ಹತ್ತಿರವಿದ್ದರೆ ಇಂಜೆಕ್ಟರಿಗೆ ದುಡ್ಡು ಹಾಕುವುದು ನನಗೆ ಸರಿ ಕಾಣುವುದಿಲ್ಲ. ಬಾಡಿ ಗಟ್ಟಿಯಿದ್ದು, ಆರ್‌ಸಿಗೆ ಇನ್ನೂ ಮೂರು ನಾಲ್ಕು ವರ್ಷ ಇದ್ದರೆ, ಒಂದು ಇಂಜೆಕ್ಟರು, ಮೂರು ನಾಲ್ಕರ ತೊಳೆತ, ಒಂದು ಫಿಲ್ಟರು, ರಿಂಗುಗಳು, ಇಷ್ಟಕ್ಕೆ ಹೊಸ ಕಾರಿನ ಒಂದು ಇಎಂಐ ಕೂಡ ಆಗಲಿಕ್ಕಿಲ್ಲ. ಮೊದಲು ಎಸ್ಟಿಮೇಟ್ ಬರೆಸಿಕೊಂಡು ಹೋಲಿಸಿ.

ಕೆಲಸ ಮುಗಿದ ಮೇಲೆ ಬಿಚ್ಚಿದ ಹಳೆ ಇಂಜೆಕ್ಟರನ್ನೂ ಹಳೆ ಓ-ರಿಂಗುಗಳನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕೇಳಿ ಪಡೆಯಲು ಅಪ್ಪನಿಗೆ ಹೇಳಿ. ಮೂರು ಸಿಲಿಂಡರಿನ ಗಾಡಿಗೆ ಆರು ರಿಂಗ್, ನಾಲ್ಕರದ್ದಕ್ಕೆ ಎಂಟು. ಆಮೇಲೆ ಒಂದೇ ಬಂಕಿನಲ್ಲಿ, ನಾಝಲ್ ಮೊದಲ ಸಲ ತಾನೇ ನಿಲ್ಲುವ ತನಕ ಟ್ಯಾಂಕ್ ತುಂಬಿಸಿ, 200 ಕಿಲೋಮೀಟರ್ ಓಡಿಸಿ, ಮತ್ತೆ ಅಲ್ಲೇ ಹಾಗೇ ತುಂಬಿಸಿ ಲೆಕ್ಕ ಹಾಕಿ. ಕಾಕಾ ಈ ಲೆಕ್ಕವನ್ನು ದಲಾಲಿ ಅಂಗಡಿಯ ಹಳೆ ಕಿರ್ದಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಈಗ 16 ಮುಕ್ಕಾಲು ಬರುತ್ತಿದೆಯಂತೆ.

ಮುಂದಿನ ವಾರ: ಹದಿನೈದು ವರ್ಷ ತುಂಬಿದ ಕಾರಿನ ಫಿಟ್‌ನೆಸ್‌ಗೆ ಹೋಗುವ ಮುನ್ನ ಮನೆಯಲ್ಲೇ ನೋಡಿಕೊಳ್ಳಬಹುದಾದದ್ದು.